ಎರಡೇ ನಿಮಿಷ ಮೇಡಂ

ನಮ್ಮ ಮನೆಯ ಕ್ರಯಪತ್ರದ ಕೊನೆಯ ಹಾಳೆಯಲ್ಲಿ ಚಕ್ಕುಬಂದಿ ಇದೆ. ಪೂರ್ವಕ್ಕೆ 30 ಅಡಿ ರಸ್ತೆ. ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಬೇರೆಯವರ ಸೈಟುಗಳು, ನಂಬರ್ ಸಮೇತ. ನಾನು ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಂಥ ಚಕ್ಕುಬಂದಿ ದಿನಾ ಓದುತ್ತೇನೆ. ಮೂಲಪತ್ರ, ಖಾತೆ, ಆಸ್ತಿಯ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ ಇಸಿ, ಕಂದಾಯದ ರಸೀದಿ, ವಕೀಲರ ಅಭಿಪ್ರಾಯ, ಇಂಜಿನಿಯರ್ ಕೊಡುವ ಬೆಲೆಯ ವರದಿ. ಒಂದೊಂದು ಫೈಲೂ ಕೈಗೆ ಭಾರ. ಅಷ್ಟೆಲ್ಲ ಓದುವ ನಾನೇ ನಮ್ಮ ಮನೆ ತಗೊಳ್ಳುವಾಗ, ಪೂರ್ವಕ್ಕಿರುವ ಆ ರಸ್ತೆ ಬೆಳಿಗ್ಗೆ ಎಂಟು ಗಂಟೆಗೆ ಹೇಗಿರುತ್ತದೆ ಅಂತ ಕೇಳಲಿಲ್ಲ.

ಬೇಗ ಬೇಗ ಮುಗಿಸಿದೆವು ಅಂತೇನೂ ಅಲ್ಲ. ನಾಲ್ಕು ತಿಂಗಳು ನೋಡಿದ್ದೇವೆ. ಬನಶಂಕರಿ 3ನೇ ಹಂತ, ಕತ್ರಿಗುಪ್ಪೆ ಕಡೆ ನಾವು ಆಗಲೇ ಬಾಡಿಗೆಗೆ ಇದ್ದೆವು. 2020ರ ಅಕ್ಟೋಬರಿನಲ್ಲಿ ಈ ಮನೆ ಮಾರಾಟಕ್ಕಿದೆ ಅಂತ ಗೊತ್ತಾಯಿತು. 30-40 ಸೈಟು, ಪೂರ್ವದ ಬಾಗಿಲು, ಕಾವೇರಿ ನೀರು, ಸಂಪು, ಕೆಳಗೆ ಒಂದು ಕಾರಿಗೆ ಜಾಗ. ಮಾವನವರಿಗೆ ವಾಸ್ತು ಹಿಡಿಸಿತು. ನನಗೆ ಅಡುಗೆಮನೆಯ ಕಿಟಕಿ ಹಿಡಿಸಿತು. ಸಂಜೆ ವಾಕಿಂಗ್ ಹೋದಾಗೆಲ್ಲ ಇದೇ ಬೀದಿಯಲ್ಲಿ ಸುತ್ತಿಕೊಂಡು ಬರುತ್ತಿದ್ದೆವು. ಬೆಳಿಗ್ಗೆ ಹಾಲು ತರುವ ನೆಪದಲ್ಲೂ ಬಂದು ನೋಡಿದ್ದೇವೆ. ಒಂದು ಗಾಡಿ ಇಲ್ಲ, ಒಂದು ಹಾರ್ನ್ ಇಲ್ಲ. "ಬೆಂಗಳೂರಲ್ಲಿ ಇಂಥ ರೋಡ್ ಸಿಗಲ್ಲ ಮೇಡಂ" ಅಂದರು ಬ್ರೋಕರ್. ನಿಜ ಅನ್ನಿಸಿತು.

ಎದುರು ಸಾಲಿನಲ್ಲಿ ನಾಲ್ಕನೇ ಗೇಟು ಶಾಲೆಯದು. ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ. ಅದು ನಮಗೆ ಗೊತ್ತೇ ಇತ್ತು. ಆದರೆ 2020ರ ಮಾರ್ಚಿನಿಂದ ಅದರ ಗೇಟಿಗೆ ಬೀಗ. ಒಳಗೆ ಜಾರುಬಂಡೆಯ ಮೇಲೆ ಹೊಂಗೆ ಎಲೆ ಬಿದ್ದು ಒಣಗಿತ್ತು. ಹಾಗಿದ್ದ ಶಾಲೆಯ ಪಕ್ಕ ನಾವು 2021ರ ಫೆಬ್ರವರಿಯಲ್ಲಿ ಮನೆ ರಿಜಿಸ್ಟರ್ ಮಾಡಿಸಿಕೊಂಡೆವು. ಗೃಹಪ್ರವೇಶಕ್ಕೆ ಹದಿನೈದು ಜನ. ಹಾಲು ಉಕ್ಕಿಸಿದೆವು. ಆ ಬೀದಿಯ ಮೌನ ಮನೆಯ ಜೊತೆ ನಮಗೇ ಬಂತು ಅಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಆರು, ಏಳನೇ ಕ್ಲಾಸಿನ ಮಕ್ಕಳು ಬರಲು ಶುರು ಮಾಡಿದರು. ಅಕ್ಟೋಬರ್ 25, ಸೋಮವಾರ, ಒಂದರಿಂದ ಐದನೇ ಕ್ಲಾಸಿನವರು ಬಂದರು. ಒಂದೂವರೆ ವರ್ಷ ಮನೆಯಲ್ಲೇ ಕೂತಿದ್ದ ಮಕ್ಕಳು. ಮಾಸ್ಕ್ ಹಾಕಿಕೊಂಡು, ಬಿಗಿಯಾದ ಹಳೇ ಯೂನಿಫಾರ್ಮ್ ತೊಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಕೆಲವರು ಮೊದಲ ಸಲ ಶಾಲೆಯ ಮುಖ ನೋಡುತ್ತಿದ್ದವರು. ಪಕ್ಕದ ಮನೆ ಅಜ್ಜಿ ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಏನೇ ದೂರು ಬರೆದರೂ, ಆ ಮಕ್ಕಳ ಗಲಾಟೆಯ ಮೇಲೆ ನನಗೆ ಒಂದು ದಿನವೂ ಬೇಸರ ಬಂದಿಲ್ಲ. ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಎದ್ದು ಬರುವ ಆ ಸದ್ದು ಈ ಬೀದಿಯ ಜೀವ.

ಅವತ್ತು ಎಂಟೂ ಹತ್ತಕ್ಕೆ ನಾನು ಕಾರು ತೆಗೆಯಲು ಗೇಟು ತೆರೆದೆ. ಗೇಟಿಗೆ ಅಡ್ಡವಾಗಿ ಒಂದು ಬಿಳಿ ಕಾರು ನಿಂತಿತ್ತು. ಇಂಜಿನ್ ಓಡುತ್ತಿತ್ತು. ಒಳಗಿದ್ದವರು ಕೈ ತೋರಿಸಿ ಹೇಳಿದರು, "ಎರಡೇ ನಿಮಿಷ ಮೇಡಂ."

ಅವರು ಸುಳ್ಳು ಹೇಳಲಿಲ್ಲ. ಎರಡು ನಿಮಿಷಕ್ಕೇ ಹೊರಟರು. ಅವರ ಹಿಂದೆ ಕಾಯುತ್ತಿದ್ದ ಕಾರು ಅದೇ ಜಾಗಕ್ಕೆ ಬಂತು. ಅವರೂ ಎರಡೇ ನಿಮಿಷ ಅಂದರು. ಆಮೇಲೆ ಒಂದು ಆಟೋ. ಆಮೇಲೆ ಅಣ್ಣ-ತಂಗಿ ಇಬ್ಬರನ್ನೂ ಇಳಿಸಿ, ಟಿಫಿನ್ ಡಬ್ಬ ಮರೆತದ್ದು ನೆನಪಾಗಿ, ಮತ್ತೆ ಕೂಗಿ ಕರೆದ ಒಬ್ಬ ತಾಯಿ. ಒಬ್ಬರದೂ ಜಾಸ್ತಿ ಹೊತ್ತಲ್ಲ. ನಾನು ಹೊರಟಾಗ ಎಂಟೂ ಮೂವತ್ತೈದು.

ಮುಂದೆ ಒಂದು ದಿನ ರಜೆ ಹಾಕಿದ್ದಾಗ ಬಾಲ್ಕನಿಯಲ್ಲಿ ಕೂತು ಎಣಿಸಿದೆ. ಏಳೂ ಐವತ್ತರಿಂದ ಎಂಟೂ ನಲವತ್ತರವರೆಗೆ ನಮ್ಮ ಗೇಟಿನ ಮುಂದೆ ಇಪ್ಪತ್ತಮೂರು ಗಾಡಿ ನಿಂತು ಹೋದವು. ನಾಲ್ಕು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲಲಿಲ್ಲ. ಅವರವರ ಲೆಕ್ಕದಲ್ಲಿ ಅದು ಎರಡು ನಿಮಿಷ. ನಮ್ಮ ಗೇಟಿನ ಲೆಕ್ಕದಲ್ಲಿ ಅದು ಐವತ್ತು ನಿಮಿಷ. ಯಾರ ಜೊತೆ ಜಗಳ ಆಡುವುದು? ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಹೋಗಿ ಇನ್ನೊಬ್ಬರು ಬಂದಿರುತ್ತಾರೆ.

ಅಜ್ಜಿ ಈ ಬೀದಿಗೆ ಬಂದು ಮೂವತ್ತೈದು ವರ್ಷ. ಆಗ ಶಾಲೆ ಅಂದರೆ ಒಂದು ಹೆಂಚಿನ ಮನೆ, ಐವತ್ತು ಅರವತ್ತು ಮಕ್ಕಳು. ಎಲ್ಲರೂ ಅಕ್ಕಪಕ್ಕದ ಕ್ರಾಸಿನವರೇ, ನಡೆದೇ ಬರುತ್ತಿದ್ದರಂತೆ. "ಯಾರ ಮನೆ ಮಗು ಅಂತ ಮುಖ ನೋಡಿದ್ರೆ ಗೊತ್ತಾಗೋದು ಕಣಮ್ಮ" ಅಂತಾರೆ. ಈಗ ಉತ್ತರಹಳ್ಳಿಯಿಂದ ಬರುತ್ತಾರೆ, ಕೆಂಗೇರಿಯಿಂದ ಬರುತ್ತಾರೆ. ಕೊರೋನಾ ಹೊತ್ತಿನಲ್ಲಿ ಇಲ್ಲಿಗೆ ಬರುತ್ತಿದ್ದ ವ್ಯಾನಿನವರಲ್ಲಿ ಇಬ್ಬರು ಗಾಡಿ ಮಾರಿಬಿಟ್ಟರಂತೆ. ಆ ಎರಡು ವ್ಯಾನಿನಲ್ಲಿ ಬರುತ್ತಿದ್ದ ಮಕ್ಕಳು ಈಗ ಒಬ್ಬೊಬ್ಬರಾಗಿ ಕಾರಿನಲ್ಲಿ, ಸ್ಕೂಟರಿನಲ್ಲಿ ಬರುತ್ತಾರೆ. ಬೆಂಗಳೂರಿನಲ್ಲಿ ಗಾಡಿಗಳ ಸಂಖ್ಯೆ 1 ಕೋಟಿ ದಾಟಿದೆ ಅಂತ ಪೇಪರಿನಲ್ಲಿ ಓದಿದಾಗ ಅದು ಬರೀ ಅಂಕಿ. ಎಂಟು ಗಂಟೆಗೆ ನಮ್ಮ ಬೀದಿಯಲ್ಲಿ ನಿಂತರೆ ಅದರ ಅರ್ಥ ಗೊತ್ತಾಗುತ್ತದೆ.

ಒಂದು ಭಾನುವಾರ ಟೇಪ್ ಹಿಡಿದು ಬೀದಿ ಅಳೆದೆವು. ನಾನು ಒಂದು ತುದಿ, ಇವರು ಒಂದು ತುದಿ. ಕ್ರಯಪತ್ರದಲ್ಲಿ 30 ಅಡಿ ಅಂದರೆ ಈ ಸೈಟಿನ ಗಡಿಯಿಂದ ಆ ಸೈಟಿನ ಗಡಿಗೆ. ಅದರಲ್ಲಿ ಎರಡೂ ಕಡೆ ಮೋರಿ ಇದೆ, ಮೋರಿಯ ಮೇಲೆ ಚಪ್ಪಡಿ ಇದೆ, ಪ್ರತಿ ಮನೆಯವರೂ ಕಾರು ಹತ್ತಿಸಲು ಕಟ್ಟಿಕೊಂಡ ಇಳಿಜಾರು ಇದೆ. ಕರೆಂಟ್ ಕಂಬ ಇದೆ. ಇದೆಲ್ಲ ಕಳೆದು ಟಾರು ಉಳಿದದ್ದು 20 ಅಡಿ. ಸಣ್ಣ ಕಾರು ಐದೂವರೆ ಅಡಿ ಅಗಲ. ಮೋರಿಯಿಂದ ಅರ್ಧ ಅಡಿ ಬಿಟ್ಟು ನಿಲ್ಲಿಸಿದರೆ ಆರು ಅಡಿ. ಎರಡೂ ಬದಿಗೆ ಒಂದೊಂದು ನಿಂತರೆ ಹನ್ನೆರಡು ಹೋಯಿತು. ಮಿಕ್ಕಿದ್ದು ಎಂಟು ಅಡಿ. ಶಾಲೆಯ ದೊಡ್ಡ ಬಸ್ಸು ಹೆಚ್ಚುಕಡಿಮೆ ಎಂಟೇ ಅಡಿ. ಕನ್ನಡಿ ಬೇರೆ. ಬಸ್ಸಿನ ಡ್ರೈವರ್ ಯಾಕೆ ಅಷ್ಟು ಹಾರ್ನ್ ಹೊಡೆಯುತ್ತಾರೆ ಅಂತ ಅವತ್ತು ನನಗೆ ಅರ್ಥವಾಯಿತು.

ಉದ್ದದ ಲೆಕ್ಕವೂ ಹೀಗೇ. ಸೈಟಿನ ಮುಂಭಾಗ 30 ಅಡಿ. ಗೇಟಿಗೆ 10 ಅಡಿ. ಉಳಿದ 20 ಅಡಿಯಲ್ಲಿ 4 ಮೀಟರಿನ, ಅಂದರೆ 13 ಅಡಿಯ, ಒಂದು ಕಾರು ನಿಲ್ಲುತ್ತದೆ. ಎರಡು ನಿಲ್ಲಲ್ಲ. ಶಾಲೆಯಿಂದ ಕ್ರಾಸಿನವರೆಗೆ ಎರಡೂ ಬದಿ ಸೇರಿ ಹದಿನಾಲ್ಕು ಸೈಟು. ಯಾರ ಗೇಟಿಗೂ ಅಡ್ಡವಾಗದ ಹಾಗೆ ನಿಲ್ಲಿಸಿದರೆ ಹದಿನಾಲ್ಕು ಕಾರು, ಅದೂ ಮನೆಯವರ ಕಾರು ಯಾವುದೂ ಹೊರಗೆ ಇಲ್ಲದಿದ್ದರೆ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೆಳಗಿನ ಕಾರಿನ ಜಾಗಕ್ಕೆ ಗೋಡೆ ಎಬ್ಬಿಸಿ ಒಂದು ರೂಮ್ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಆ ಮನೆಯವರ ಕಾರು ದಿನವಿಡೀ ಬೀದಿಯಲ್ಲೇ. ಬೇಸರವನ್ನೆಲ್ಲ ಶಾಲೆಗೆ ಬರುವವರ ಮೇಲೆ ಹಾಕುವ ಮೊದಲು ನಮ್ಮ ಸಾಲಿನ ಈ ಮಾತನ್ನೂ ಹೇಳಬೇಕಲ್ವಾ?

ಇನ್ನೊಂದು ವಿಷಯ ಅಳೆದ ಮೇಲೇ ಹೊಳೆದದ್ದು. ನಮ್ಮ ಗೇಟಿನ ಮುಂದೆ ಯಾರೂ ನಿಲ್ಲಿಸದಿದ್ದರೂ, ಎದುರು ಮನೆಯ ಕಾಂಪೌಂಡಿಗೆ ಒತ್ತಿ ಒಂದು ಕಾರು ನಿಂತಿದ್ದರೆ ನಮ್ಮ ಕಾರು ಒಂದೇ ಸಲಕ್ಕೆ ತಿರುಗಲ್ಲ. ಹಿಂದೆ ಮುಂದೆ, ಹಿಂದೆ ಮುಂದೆ, ಮೂರು ಸಲ. ಆ ಹೊತ್ತಿನಲ್ಲಿ ಬೆನ್ನಿಗೆ ಬ್ಯಾಗ್ ಹಾಕಿದ ಪುಟ್ಟ ಮಕ್ಕಳು ಕಾರಿನ ಹಿಂದೆ ಓಡಾಡುತ್ತಿರುತ್ತಾರೆ. ಎಲ್‌ಕೆಜಿ ಮಗುವಿನ ತಲೆ ನಮ್ಮ ಕಾರಿನ ಹಿಂದಿನ ಗಾಜಿಗಿಂತ ಕೆಳಗೆ. ಕಾಣುವುದೇ ಇಲ್ಲ. ನನಗೆ ಈ ವಿಷಯದಲ್ಲಿ ನಿಜವಾದ ಭಯ ಇರುವುದು ಇದೊಂದೇ. ಬ್ಯಾಂಕಿಗೆ ತಡವಾದರೆ ಸಹಿ ಕೆಂಪಾಗುತ್ತದೆ, ಅಷ್ಟೇ. ರಿವರ್ಸ್ ಗೇರ್ ಹಾಕುವಾಗ ಮಾತ್ರ ಈಗಲೂ ನನ್ನ ಕೈ ಬೆವರುತ್ತದೆ. ಅದಕ್ಕೇ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಕಾರನ್ನು ಹಿಂದಕ್ಕೆ ತೆಗೆದುಕೊಂಡೇ ಒಳಗೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಮುಖ ಮುಂದೆ ಮಾಡಿ ಹೊರಗೆ ಬರಬಹುದು.

ನಿಯಮ ಇಲ್ಲ ಅಂತಲ್ಲ. 1989ರ ರಸ್ತೆ ನಿಯಮಗಳಲ್ಲೇ ಬಸ್ ಸ್ಟಾಪ್, ಶಾಲೆ, ಆಸ್ಪತ್ರೆಯ ಬಾಗಿಲ ಹತ್ತಿರ, ಇನ್ನೊಬ್ಬರ ಜಾಗದ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸಬಾರದು ಅಂತ ಇತ್ತು. 2017ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂತು. ಆದರೆ ಎರಡು ನಿಮಿಷ ನಿಲ್ಲುವ ಗಾಡಿಗೆ ಯಾವ ಪೊಲೀಸರು ಬಂದು ಚೀಟಿ ಹರಿಯಬೇಕು? ಫೋನ್ ಮಾಡಿದರೆ ಬರುತ್ತಾರೆ. ಬರುವಷ್ಟರಲ್ಲಿ ಒಂಬತ್ತು ಗಂಟೆ, ಬೀದಿ ಖಾಲಿ. ಗಾಡಿ ಎತ್ತಿಕೊಂಡು ಹೋಗುವ ಟೋಯಿಂಗ್ ಅನ್ನು ಜನರ ಸಿಟ್ಟಿನ ನಂತರ 2022ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಅದು ಇದ್ದಾಗಲೂ ಇಂಥ ಒಳಬೀದಿಯ ಐವತ್ತು ನಿಮಿಷಕ್ಕೆ ಅದು ಮದ್ದಾಗಿರಲಿಲ್ಲ. 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ ಬಡಾವಣೆಯವರಿಗೆ ವರ್ಷಕ್ಕಿಷ್ಟು ಅಂತ ಶುಲ್ಕ ಕಟ್ಟಿ ಪರವಾನಗಿ ತಗೊಳ್ಳುವ ಯೋಚನೆ ಇತ್ತು. ಸಣ್ಣ ಕಾರಿಗೆ 1,000, ದೊಡ್ಡದಕ್ಕೆ 5,000 ರೂಪಾಯಿ ಅಂತೆಲ್ಲ. ನಮ್ಮ ಬೀದಿಗೆ ಅದು ಬಂದಿಲ್ಲ. ಶಾಲೆಗಳ ಸಮಯ ಬದಲಾಯಿಸಿದರೆ ಟ್ರಾಫಿಕ್ ಕಡಿಮೆ ಆಗುತ್ತದಾ ನೋಡಿ ಅಂತ 2023ರಲ್ಲಿ ಹೈಕೋರ್ಟ್ ಹೇಳಿತ್ತು. ಶಾಲೆಯವರೂ ಪೋಷಕರೂ ಒಪ್ಪಲಿಲ್ಲ. ಚಳಿಯಲ್ಲಿ ಆರು ಗಂಟೆಗೆ ಮಗುವನ್ನು ಎಬ್ಬಿಸುವ ತಾಯಿಯಾಗಿ ನಾನೂ ಒಪ್ಪುತ್ತಿರಲಿಲ್ಲ.

ಆದ್ದರಿಂದ ನಾನೂ ಎಲ್ಲರ ಹಾಗೆ ನನ್ನದೇ ದಾರಿ ಹಿಡಿದೆ. 20 ಲೀಟರಿನ ಖಾಲಿ ಪೇಂಟ್ ಬಕೆಟ್ ಎರಡು ತಂದು, ಸಿಮೆಂಟ್ ತುಂಬಿ, ನಡುವೆ ಒಂದೊಂದು ಪೈಪ್ ನಿಲ್ಲಿಸಿ ಒಣಗಿಸಿದೆವು. ಗೇಟಿನ ಎರಡೂ ಬದಿಗೆ, ಟಾರಿನ ಮೇಲೆ ಇಟ್ಟೆವು. ಬೆಂಗಳೂರಿನ ಯಾವ ಬೀದಿಗೆ ಹೋದರೂ ಕಾಣುವ ದೃಶ್ಯ. ಕೆಲವರು ಹೂಕುಂಡ ಇಡುತ್ತಾರೆ, ಕೆಲವರು ಚಪ್ಪಡಿ ಕಲ್ಲು, ಕೆಲವರು "ಗಾಳಿ ತೆಗೆಯಲಾಗುವುದು" ಅಂತ ಬೋರ್ಡು. ಒಂದು ವಾರ ನೆಮ್ಮದಿಯಾಗಿತ್ತು. ಎಂಟನೇ ದಿನ ಸೈಕಲ್ಲಿನಲ್ಲಿ ಬಂದ ಒಬ್ಬ ಹುಡುಗ, ಕಾರಿಗೆ ದಾರಿ ಬಿಡಲು ಬದಿಗೆ ಸರಿದವನು, ಬಕೆಟ್ಟಿಗೆ ಪೆಡಲ್ ತಾಗಿ ಬಿದ್ದ. ಮೊಣಕೈ ತರಚಿತು. ಅಜ್ಜಿ ಅರಿಶಿನ ತಂದರು. ಅವನು ಅಳಲಿಲ್ಲ. "ಸಾರಿ ಆಂಟಿ, ನಿಮ್ಮ ಬಕೆಟ್ ಬಿತ್ತು" ಅಂದ. ಟಾರು ನಮ್ಮದಲ್ಲ, ಪಾಲಿಕೆಯದು. ಅಲ್ಲಿ ಕಲ್ಲಿಟ್ಟವಳು ನಾನು. ಅವನು ನನಗೇ ಕ್ಷಮೆ ಕೇಳುತ್ತಿದ್ದಾನೆ. ಅವತ್ತೇ ಬಕೆಟ್ ಒಳಗೆ ತಂದೆವು. ಈಗ ಅವು ಟೆರೇಸಿನ ಮೇಲೆ ಬಟ್ಟೆ ಒಣಗಿಸುವ ತಂತಿ ಹಿಡಿದುಕೊಂಡಿವೆ.

ಇದಾದ ಮೇಲೆ ನಾವು ಆರು ಮನೆಯವರು ಸೇರಿ ಒಂದು ಪತ್ರ ಬರೆದು ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಕೂರಿಸಿ ಕಾಫಿ ಕೊಟ್ಟು ಪೂರ್ತಿ ಕೇಳಿದರು. ಅವರಿಗೂ ಅದೇ ಭಯ ಇತ್ತು, ಕಾರಿನ ಹಿಂದೆ ಓಡಾಡುವ ಮಕ್ಕಳದು. ಶಾಲೆಯ ಹಿಂಬದಿಗೆ, ಪಾರ್ಕಿನ ರಸ್ತೆಗೆ, ತುಕ್ಕು ಹಿಡಿದ ಒಂದು ಗೇಟಿತ್ತು. ಅದನ್ನು ತೆಗೆಸಿ ಚಿಕ್ಕ ಮಕ್ಕಳನ್ನು ಆ ಕಡೆಯಿಂದ ಬಿಡಲು ಶುರು ಮಾಡಿದರು. ಮಧ್ಯಾಹ್ನ ಚಿಕ್ಕವರನ್ನು ಹದಿನೈದು ನಿಮಿಷ ಮೊದಲೇ ಬಿಟ್ಟರು. ಬೆಳಿಗ್ಗೆ ಒಬ್ಬ ವಾಚ್‌ಮನ್ ಬಂದು ನಿಂತು, "ಮುಂದೆ ಹೋಗಿ ಸಾರ್, ಮುಂದೆ ಹೋಗಿ" ಅನ್ನುತ್ತಾರೆ. ಅರ್ಧಕ್ಕರ್ಧ ಕಡಿಮೆ ಆಯಿತು. ಮಳೆಗಾಲದಲ್ಲಿ ಎಲ್ಲ ಮತ್ತೆ ಮೊದಲಿನ ಹಾಗೇ, ಯಾಕಂದರೆ ಮಳೆಯಲ್ಲಿ ಯಾರೂ ಮಗುವನ್ನು ಐವತ್ತು ಮೀಟರ್ ದೂರದಲ್ಲಿ ಇಳಿಸುವುದಿಲ್ಲ. ಇಳಿಸಬೇಕು ಅಂತ ಹೇಳಲು ನನಗೂ ಮನಸ್ಸು ಬರುವುದಿಲ್ಲ.

2024ರ ಮಾರ್ಚ್ ನೆನಪಿದೆಯಾ? ಬೋರ್‌ವೆಲ್‌ಗಳೆಲ್ಲ ಬತ್ತಿ ಊರಿಗೆ ಊರೇ ಟ್ಯಾಂಕರಿಗೆ ಕಾಯುತ್ತಿತ್ತು. ಜಿಲ್ಲಾಡಳಿತ ದರ ನಿಗದಿ ಮಾಡಿತ್ತು, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಅಂತ. ದರ ಇತ್ತು, ಟ್ಯಾಂಕರ್ ಸಿಗಬೇಕಲ್ಲ. ಮೂರು ದಿನ ಫೋನ್ ಮಾಡಿದ ಮೇಲೆ ನಮಗೂ ಅಜ್ಜಿಗೂ ಸೇರಿ ಒಂದು ಟ್ಯಾಂಕರ್ ಸಿಕ್ಕಿತು. ಬೆಳಿಗ್ಗೆ ಎಂಟಕ್ಕೆ. ಆ ಹೊತ್ತು ಕೇಳಿದಾಗಲೇ ನನ್ನ ಎದೆ ಧಸಕ್ ಅಂದಿತು. ಬೇರೆ ಹೊತ್ತು ಇಲ್ಲ ಅಂದರು. ಎಂಟಕ್ಕೆ ಸರಿಯಾಗಿ ಟ್ಯಾಂಕರ್ ಕ್ರಾಸಿಗೆ ಬಂದು ನಿಂತಿತು. ಒಳಗೆ ಬರಲು ಜಾಗ ಇಲ್ಲ. ಹಿಂದೆ ಗಾಡಿಗಳ ಸಾಲು, ಹಾರ್ನ್. ಇವರು ಓಡಿ ಹೋಗಿ ಒಂದೊಂದು ಕಾರಿನ ಕಿಟಕಿ ತಟ್ಟಿ ಬೇಡಿಕೊಂಡರು. ಹತ್ತು ನಿಮಿಷ ಕಾದು ಡ್ರೈವರ್ "ಸಾರ್, ನನಗೆ ಇನ್ನೂ ಒಂಬತ್ತು ಲೋಡ್ ಇದೆ" ಅಂದು ಹೊರಟೇಬಿಟ್ಟ. ಅವನದೇನೂ ತಪ್ಪಿಲ್ಲ. ನೀರು ಬಂದದ್ದು ರಾತ್ರಿ ಹನ್ನೊಂದಕ್ಕೆ. ಅಲ್ಲಿಯವರೆಗೆ ಎರಡು ಮನೆಗೆ ಇದ್ದದ್ದು ಎರಡು ಬಿಂದಿಗೆ. ಅಜ್ಜಿ ಅವತ್ತು ಮಾತ್ರೆ ನುಂಗಲು ಕೂಡ ಅರ್ಧ ಲೋಟ ನೀರನ್ನೇ ತಗೊಂಡರು. ಪಾರ್ಕಿಂಗ್ ಅಂದರೆ ಕಾರಿಗೆ ಸಂಬಂಧಿಸಿದ ವಿಷಯ ಅಂತ ನಾನು ಅಂದುಕೊಂಡಿದ್ದೆ. ಕಾರೇ ಇಲ್ಲದ ಅಜ್ಜಿಯ ಮನೆಗೆ ಅವತ್ತು ಅದು ನೀರಾಗಿತ್ತು. ಗ್ಯಾಸ್ ಸಿಲಿಂಡರಿನವರು, ಕಸದ ಆಟೋದವರು, ಎಲ್ಲರೂ ಆ ಐವತ್ತು ನಿಮಿಷವನ್ನು ತಪ್ಪಿಸಿಕೊಂಡು ಬರುವುದು ಕಲಿತಿದ್ದಾರೆ. ಅನಾರೋಗ್ಯ ಹೊತ್ತು ನೋಡಿಕೊಂಡು ಬರುವುದಿಲ್ಲ ಅನ್ನುವುದನ್ನು ಯೋಚಿಸಿದರೆ ನಿದ್ದೆ ಬರುವುದಿಲ್ಲ.

ನಮ್ಮ ಮಗಳು ಈ ಶಾಲೆಗೆ ಹೋಗುವುದಿಲ್ಲ. ನಾವು ಮನೆ ತಗೊಂಡಾಗ ಅವಳು ಮೂರನೇ ಕ್ಲಾಸು, ಐದು ಕಿಲೋಮೀಟರ್ ಆಚೆಯ ಶಾಲೆಯಲ್ಲಿ. ಗೆಳತಿಯರನ್ನು ಬಿಟ್ಟು ಬರುವುದಿಲ್ಲ ಅಂದಳು. ಆದ್ದರಿಂದ ಇಲ್ಲಿಗೆ ಅಷ್ಟೊಂದು ಜನ ಮಕ್ಕಳನ್ನು ಕರೆತರುವ ಹೊತ್ತಿಗೇ ನಾನು ನನ್ನ ಮಗುವನ್ನು ಇಲ್ಲಿಂದ ಬೇರೆಲ್ಲಿಗೋ ಕರೆದುಕೊಂಡು ಹೋಗಬೇಕು. ಹಾಗೆ ಒಂದು ದಿನ ತಡವಾಗಿ ಹೊರಟು, ಅವಳ ಶಾಲೆಯ ಬೀದಿಗೆ ಹೋದೆ. ಎಲ್ಲೂ ಜಾಗ ಇರಲಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯುತ್ತಿತ್ತು. ಒಂದು ನೀಲಿ ಗೇಟಿನ ಮುಂದೆ ನಿಲ್ಲಿಸಿದೆ. ಗೇಟು ತೆರೆಯಿತು. ಒಳಗೆ ಸ್ಕೂಟರ್ ಹಿಡಿದುಕೊಂಡು ಒಬ್ಬ ಹಿರಿಯರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹ್ಯಾಂಡಲ್ಲಿಗೆ ನೇತು ಹಾಕಿದ ಒಂದು ಬಟ್ಟೆಯ ಚೀಲ. ಅವರು ಏನೂ ಹೇಳಲಿಲ್ಲ. ನಾನೇ ಕಿಟಕಿ ಇಳಿಸಿ ಅಂದೆ, "ಎರಡೇ ನಿಮಿಷ ಅಂಕಲ್."

ಅಂದಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವರು ತಲೆ ಅಲ್ಲಾಡಿಸಿ ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಆ ಸ್ಟ್ಯಾಂಡ್ ಹಾಕಿದ ರೀತಿಯಲ್ಲಿ ಎಷ್ಟು ವರ್ಷದ ಅಭ್ಯಾಸ ಇತ್ತು! ನನಗೆ ತುಂಬಾ ನಾಚಿಕೆಯಾಯಿತು. ಮಾರನೇ ದಿನದಿಂದ ನಾವು ಹದಿನೈದು ನಿಮಿಷ ಮೊದಲೇ ಹೊರಡುತ್ತೇವೆ. ಎರಡು ಕ್ರಾಸ್ ಹಿಂದೆ, ಆಟದ ಮೈದಾನದ ಗೋಡೆಯ ಪಕ್ಕ ಯಾರ ಗೇಟೂ ಇಲ್ಲದ ಜಾಗದಲ್ಲಿ ನಿಲ್ಲಿಸಿ ನಡೆಯುತ್ತೇವೆ. ಆರು ನಿಮಿಷದ ನಡಿಗೆ. ಮಗಳು ಮನೆಯಲ್ಲಿ ಹೇಳದ ವಿಷಯವನ್ನೆಲ್ಲ ಆ ಆರು ನಿಮಿಷದಲ್ಲಿ ಹೇಳುತ್ತಾಳೆ.

ಈಗ ಬ್ಯಾಂಕಿಗೆ ಮನೆ ಸಾಲ ಕೇಳಿಕೊಂಡು ಬರುವವರಿಗೆ ನಾನು ಫೈಲು ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಹತ್ತಿರದಲ್ಲಿ ಶಾಲೆ ಇದೆಯಾ? ಇದೆ ಅಂತ ಖುಷಿಯಿಂದ ಹೇಳುತ್ತಾರೆ. ಖುಷಿಪಡಬೇಕಾದ್ದೇ. ಮಗು ನಡೆದು ಹೋಗುವಂತಿದ್ದರೆ ಅದಕ್ಕಿಂತ ಭಾಗ್ಯ ಈ ಊರಲ್ಲಿ ಇನ್ನೊಂದಿಲ್ಲ. ಆದರೆ ಮನೆ ನೋಡಿದ್ದು ಯಾವತ್ತು ಅಂತ ಕೇಳಿದರೆ ಭಾನುವಾರ ಅಂತಾರೆ. ಇಲ್ಲಾ ಏಪ್ರಿಲ್, ಮೇ ಅಂತಾರೆ. ಬೇಸಿಗೆ ರಜೆಯಲ್ಲೇ ಅಲ್ವಾ ಎಲ್ಲರೂ ಮನೆ ಹುಡುಕುವುದು! ಅಡ್ವಾನ್ಸ್ ಕೊಡುವ ಮೊದಲು ಶಾಲೆ ನಡೆಯುವ ದಿನ ಬೆಳಿಗ್ಗೆ ಒಂದು ಸಲ, ಮಕ್ಕಳನ್ನು ಬಿಡುವ ಹೊತ್ತಿಗೆ ಒಂದು ಸಲ ಹೋಗಿ ಸುಮ್ನೆ ನಿಂತುಕೊಳ್ಳಿ ಅಂತೀನಿ. ಸಾಧ್ಯವಾದರೆ ಮಳೆ ಬರುವ ದಿನ. ಸಂಜೆಯದು ಬೆಳಿಗ್ಗೆಗಿಂತ ಕಷ್ಟ. ಬೆಳಿಗ್ಗೆ ಇಳಿಸಿ ಹೋಗುತ್ತಾರೆ, ಸಂಜೆ ಅರ್ಧ ಗಂಟೆ ಮೊದಲೇ ಬಂದು ಜಾಗ ಹಿಡಿದು ಕಾಯುತ್ತಾರೆ.

ರಜೆಯಲ್ಲೇ ನೋಡಬೇಕಾಗಿ ಬಂದರೂ ಬೀದಿ ಬಾಯಿಬಿಡುತ್ತದೆ. ಇಳಿಜಾರಿನ ಅಂಚು ಒಡೆದಿದೆಯಾ ನೋಡಿ. ಚಪ್ಪಡಿ ಕುಸಿದಿದೆಯಾ ನೋಡಿ, ಭಾರದ ಗಾಡಿ ಪಕ್ಕಕ್ಕೆ ಹತ್ತಿ ಹತ್ತಿ ಕುಸಿಯುತ್ತದೆ. ಕಾಂಪೌಂಡಿನ ಮೂಲೆಯಲ್ಲಿ ಬಣ್ಣ ಕೆರೆದುಹೋಗಿದ್ದರೆ ಅದು ಬಸ್ಸು ತಿರುಗುವ ಜಾಗ. ಎಷ್ಟು ಗೇಟಿನ ಮೇಲೆ ಬೋರ್ಡಿದೆ, ಎಷ್ಟು ಮನೆ ಮುಂದೆ ಹೂಕುಂಡ ಬೀದಿಗೆ ಇಳಿದಿದೆ, ಎಣಿಸಿ. ಆ ಮನೆಯವರು ಬೇಸತ್ತ ವರ್ಷಗಳ ಲೆಕ್ಕ ಅದು. ಶಾಲೆಯ ಗೇಟು ಎಷ್ಟು ದೂರ ಅನ್ನುವುದಕ್ಕಿಂತ ಯಾವ ಬೀದಿಗೆ ತೆರೆಯುತ್ತದೆ ಅನ್ನುವುದು ಮುಖ್ಯ. ಶಾಲೆಯ ಗೋಡೆಗೆ ಅಂಟಿಕೊಂಡೇ ಇದ್ದರೂ ಗೇಟು ಆ ಕಡೆ ಇದ್ದರೆ ನಿಮಗೆ ಗಂಟೆಯ ಸದ್ದು ಮಾತ್ರ.

ಶಾಲೆ ಇಲ್ಲದ ಬೀದಿಯಲ್ಲೂ ಒಂದು ಕಾಗದ ನೋಡಬೇಕು. ಬಡಾವಣೆಯ ನಕ್ಷೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಬಡಾವಣೆ ಮಾಡುವಾಗ ಶಾಲೆ, ಆಸ್ಪತ್ರೆ ಮುಂತಾದ ಸೌಲಭ್ಯಕ್ಕೆ ಅಂತ ಸಿಎ ಸೈಟುಗಳನ್ನು ಬಿಡುತ್ತದೆ. ಆಮೇಲೆ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುತ್ತದೆ. ಇವತ್ತು ಪಕ್ಕದಲ್ಲಿ ಹುಡುಗರು ಕ್ರಿಕೆಟ್ ಆಡುವ ಖಾಲಿ ಜಾಗ ಸಿಎ ಸೈಟಾಗಿದ್ದರೆ ಐದು ವರ್ಷಕ್ಕೆ ಅಲ್ಲೊಂದು ಶಾಲೆ ಏಳಬಹುದು. ಫ್ಲ್ಯಾಟ್ ತಗೊಳ್ಳುವವರದು ಬೇರೆ ಲೆಕ್ಕ. ಅಲ್ಲಿ ತೆರೆದ ಜಾಗವನ್ನೂ ಕಂಬಗಳ ನಡುವಿನ ಜಾಗವನ್ನೂ ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಮುಂಬೈಯ ಒಂದು ಪ್ರಕರಣದಲ್ಲಿ ಹೇಳಿದೆ. ಹಾಗಿದ್ದರೂ ಪಾರ್ಕಿಂಗಿಗೆ ಅಂತ ಬೇರೆ ದುಡ್ಡು ಬರೆದ ಕಾಗದ ಈಗಲೂ ನನ್ನ ಮೇಜಿಗೆ ಬರುತ್ತದೆ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಮನೆ ಮಾರಿ ಹೋಗಬೇಕು ಅನ್ನಿಸಿದೆಯಾ ಅಂತ ಕೇಳುತ್ತಾರೆ. ಟ್ಯಾಂಕರ್ ವಾಪಸ್ ಹೋದ ದಿನ ಅನ್ನಿಸಿತ್ತು. ಅದೇ ವರ್ಷ ಏಪ್ರಿಲ್ 26ಕ್ಕೆ ಲೋಕಸಭೆಯ ಮತದಾನ. ನಮ್ಮ ಬೂತ್ ಇದೇ ಶಾಲೆ. ಅಜ್ಜಿಯ ಕೈ ಹಿಡಿದುಕೊಂಡು ನಾಲ್ಕು ಗೇಟು ದಾಟಿ ಹೋಗಿ, ಯುಕೆಜಿಯ ಪುಟ್ಟ ಬೆಂಚುಗಳ ನಡುವೆ ಓಟು ಹಾಕಿ ಬಂದೆವು. ಗೋಡೆಯ ಮೇಲೆ ಬಣ್ಣದ ಕಾಗದದ ಮೀನುಗಳಿದ್ದವು. ಅಜ್ಜಿ ಒಂದೊಂದನ್ನೂ ನಿಂತು ನೋಡಿದರು.

ಹೋದ ತಿಂಗಳು ಎದುರು ಮನೆ ಮಾರಾಟಕ್ಕೆ ಬಂತು. ಒಂದು ಭಾನುವಾರ ಗಂಡ ಹೆಂಡತಿ ಬಂದಿದ್ದರು, ಜೊತೆಗೆ ಬ್ರೋಕರ್. ಆ ಹುಡುಗಿ ಏಳು ತಿಂಗಳ ಬಸುರಿ. ಬೀದಿ ನೋಡಿ, "ಎಷ್ಟು ಚೆನ್ನಾಗಿದೆ ಅಲ್ವಾ" ಅಂತ ಗಂಡನಿಗೆ ಹೇಳುತ್ತಿದ್ದಳು. ನಾನು ಗಿಡಕ್ಕೆ ನೀರು ಹಾಕುತ್ತಿದ್ದೆ. ಒಬ್ಬರ ವ್ಯವಹಾರದಲ್ಲಿ ಬಾಯಿ ಹಾಕಬಾರದು ಅಂತ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಗೇಟು ತೆರೆದು ಹೋಗಿ, "ನಾಳೆ ಬೆಳಿಗ್ಗೆ ಎಂಟಕ್ಕೆ ಒಂದ್ಸಲ ಬನ್ನಿಮ್ಮಾ, ನಮ್ಮನೇಲೇ ಕಾಫಿ ಕುಡೀರಿ" ಅಂದೆ. ಬ್ರೋಕರಿಗೆ ಕೋಪ ಬಂತು. ಬರಲಿ.

ಸೋಮವಾರ ಏಳೂ ಮುಕ್ಕಾಲಿಗೇ ಬಂದರು. ಅವಳನ್ನು ನಮ್ಮ ಬಾಲ್ಕನಿಯಲ್ಲಿ ಕೂರಿಸಿದೆ. ಅವನು ಕರೆಂಟ್ ಕಂಬದ ಪಕ್ಕ ನಿಂತು ಒಂಬತ್ತರವರೆಗೆ ನೋಡಿದ. ಆಮೇಲೆ ಮೇಲೆ ಬಂದು ಕೇಳಿದ ಮೊದಲ ಪ್ರಶ್ನೆ, "ಮೇಡಂ, ನೀರಿನ ಟ್ಯಾಂಕರ್ ಎಲ್ಲಿ ನಿಲ್ಲುತ್ತೆ?"

ಮನೆ ತಗೊಂಡರು. ಆದರೆ ಕೆಳಗೆ ಬಾಡಿಗೆಗೆ ಕೊಟ್ಟಿದ್ದ ರೂಮಿನ ಗೋಡೆ ಒಡೆಸಿ ಕಾರಿನ ಜಾಗ ಮಾಡಿಕೊಡಬೇಕು ಅಂತ ಮಾಲೀಕರನ್ನು ಒಪ್ಪಿಸಿದ ಮೇಲೆ. ಗೇಟನ್ನು ನಾಲ್ಕು ಅಡಿ ಉತ್ತರಕ್ಕೆ ಸರಿಸುತ್ತಿದ್ದಾರೆ, ನಮ್ಮ ಗೇಟಿಗೆ ಸರಿಯಾಗಿ ಎದುರು ಬರುವ ಹಾಗೆ. ಇಬ್ಬರ ಬಾಗಿಲೂ ಎದುರುಬದುರಾದರೆ ನಡುವಿನ ಜಾಗ ಖಾಲಿ ಇರುತ್ತದೆ, ಇಬ್ಬರ ಕಾರೂ ಒಂದೇ ಸಲಕ್ಕೆ ತಿರುಗುತ್ತವೆ ಅಂತ ಅವನೇ ಲೆಕ್ಕ ಹಾಕಿದ್ದು. ನಾಲ್ಕು ವರ್ಷ ಇಲ್ಲಿದ್ದೂ ನನಗೆ ಅದು ಹೊಳೆದಿರಲಿಲ್ಲ. ನಿನ್ನೆ ಗಾರೆಯವರು ಹೊಸ ಕಂಬಕ್ಕೆ ಗುಂಡಿ ತೆಗೆಯುತ್ತಿದ್ದರು. ಶಾಲೆ ಬಿಟ್ಟ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು.